ಕರ್ತವ್ಯ ಕೌನ್ಸಿಲ್‌ನದು, ಹಣ ಯಾರದು?



1948ರ ಜುಲೈ 5, ಸೋಮವಾರ. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದ ದಿನ ಅದು. ಆಗಿನ ಆರೋಗ್ಯ ಮಂತ್ರಿ ಅನೈರಿನ್ ಬೆವನ್ ಮ್ಯಾಂಚೆಸ್ಟರ್ ಬಳಿಯ ಪಾರ್ಕ್ ಆಸ್ಪತ್ರೆಗೆ ಹೋಗಿ ಅದಕ್ಕೆ ಚಾಲನೆ ಕೊಟ್ಟರು. ಬಡವನಿರಲಿ ಬಲ್ಲಿದನಿರಲಿ, ಕಾಯಿಲೆ ಬಿದ್ದವರಿಗೆಲ್ಲ ಪುಕ್ಕಟೆ ಚಿಕಿತ್ಸೆ. ಇಷ್ಟು ನಮ್ಮಲ್ಲಿಯೂ ಅನೇಕರಿಗೆ ಗೊತ್ತು. ಅದೇ ದಿನ ಜಾರಿಗೆ ಬಂದ ಇನ್ನೊಂದು ಕಾಯಿದೆಯ ಹೆಸರನ್ನು ಮಾತ್ರ ಕೇಳಿದವರು ಕಡಿಮೆ. ಅದು ರಾಷ್ಟ್ರೀಯ ನೆರವು ಕಾಯಿದೆ. ಇಂದು ಇಂಗ್ಲೆಂಡಿನ ಮುದುಕರು, ಅಂಗವಿಕಲರು, ಅವರನ್ನು ನೋಡಿಕೊಳ್ಳುವವರು ಪಡುತ್ತಿರುವ ಪಾಡಿನ ಬೇರು ಆ ಎರಡನೆಯ ಕಾಯಿದೆಯಲ್ಲಿದೆ.

1601ರಿಂದ ನಡೆದುಬಂದಿದ್ದ ಬಡವರ ಕಾಯಿದೆಯನ್ನು ಅದು ರದ್ದು ಮಾಡಿತು. ವರ್ಕ್‌ಹೌಸ್ ಎಂಬ ಆ ಭಯದ ಕಟ್ಟಡಗಳು, ದಿಕ್ಕಿಲ್ಲದ ಮುದುಕರನ್ನು ತುಂಬಿಕೊಂಡು, ಗಂಡನನ್ನು ಒಂದು ಕಡೆ ಹೆಂಡತಿಯನ್ನು ಇನ್ನೊಂದು ಕಡೆ ಇಡುತ್ತಿದ್ದ ಕಟ್ಟಡಗಳು, ಇನ್ನು ಮುಂದೆ ಇರುವುದಿಲ್ಲ ಎಂದು ಬೆವನ್ ಮಾತು ಕೊಟ್ಟರು. ಅವುಗಳ ಬದಲು ಸ್ಥಳೀಯ ಕೌನ್ಸಿಲ್‌ಗಳು ಸಣ್ಣ ಸಣ್ಣ ವಸತಿಗೃಹಗಳನ್ನು ನಡೆಸಬೇಕು, ಅಲ್ಲಿಗೆ ಬರುವ ಮುದುಕರು ಹೋಟೆಲಿಗೆ ಬಂದ ಅತಿಥಿಗಳ ಹಾಗೆ ಮರ್ಯಾದೆಯಿಂದ ಇರಬೇಕು ಎಂಬುದು ಅವರ ಆಸೆ. ಆಗ ವೃದ್ಧಾಪ್ಯ ಪಿಂಚಣಿ ವಾರಕ್ಕೆ 26 ಶಿಲ್ಲಿಂಗ್. ಅದರಲ್ಲಿ 21 ಶಿಲ್ಲಿಂಗ್ ವಸತಿಗೆ ಕೊಡಬೇಕು, 5 ಶಿಲ್ಲಿಂಗ್ ಕೈಖರ್ಚಿಗೆ ಇಟ್ಟುಕೊಳ್ಳಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಬಿಲ್ಲಿಲ್ಲ. ಅದೇ ಮನುಷ್ಯ ಸ್ನಾನ ಮಾಡಿಸಿಕೊಳ್ಳಲು, ಬಟ್ಟೆ ತೊಡಿಸಿಕೊಳ್ಳಲು, ತುತ್ತು ಉಣ್ಣಿಸಿಕೊಳ್ಳಲು ಇನ್ನೊಬ್ಬರ ಕೈ ಕಾಯುವ ಸ್ಥಿತಿಗೆ ಬಂದರೆ, ಮೊದಲು ಅವನ ಆಸ್ತಿಪಾಸ್ತಿಯ ಲೆಕ್ಕ ತೆಗೆಯುತ್ತಾರೆ. ರೋಗಕ್ಕೆ ಕೇಂದ್ರ ಸರ್ಕಾರ, ಮುಪ್ಪಿಗೆ ಕೌನ್ಸಿಲ್. ಹೃದಯದ ಕಾಯಿಲೆಯವರು, ಕ್ಯಾನ್ಸರ್ ಆದವರು ಗೆರೆಯ ಆ ಕಡೆ. ಮರೆವಿನ ರೋಗದಿಂದ ಮಕ್ಕಳ ಹೆಸರನ್ನೇ ಮರೆತವರು ಬಹುಪಾಲು ಈ ಕಡೆ. ಒಂದೇ ದಿನ ಜಾರಿಗೆ ಬಂದ ಎರಡು ಕಾಯಿದೆಗಳ ನಡುವೆ ಎಳೆದ ಈ ಗೆರೆಯನ್ನು ಇಷ್ಟು ವರ್ಷವಾದರೂ ಅಳಿಸಲು ಇಂಗ್ಲೆಂಡಿಗೆ ಆಗಿಲ್ಲ.

ಪೀಟರ್ ಟೌನ್ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ಅಂಥ 173 ವಸತಿಗೃಹಗಳನ್ನು ಖುದ್ದಾಗಿ ನೋಡಿ ಬಂದು 1962ರಲ್ಲಿ 'ದಿ ಲಾಸ್ಟ್ ರೆಫ್ಯೂಜ್' ಎಂಬ ಪುಸ್ತಕ ಪ್ರಕಟಿಸಿದರು. ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲೇ ಮುದುಕರು ಇನ್ನೂ ಸಾಲುಹಾಸಿಗೆಗಳಲ್ಲಿ ಮಲಗಿದ್ದರು. ಕಾಯಿದೆಯಲ್ಲಿ ಕೌನ್ಸಿಲ್‌ಗೆ ಕರ್ತವ್ಯ ಬರೆದಿದ್ದರು, ಅದಕ್ಕೆ ತಕ್ಕ ದುಡ್ಡು ಕೊಟ್ಟಿರಲಿಲ್ಲ. ಮನೆಮಂದಿಗೆಲ್ಲ ಬಡಿಸು ಎಂದು ಸೊಸೆಗೆ ಹೇಳಿ, ಕಣಜದ ಬೀಗದಕೈಯನ್ನು ಅತ್ತೆ ತನ್ನ ಸೊಂಟದಲ್ಲೇ ಇಟ್ಟುಕೊಂಡ ಹಾಗೆ.

ಇಂದಿನ ಲೆಕ್ಕ ಹೇಗಿದೆ ಎಂದು ನೋಡೋಣ. ಇಂಗ್ಲೆಂಡಿನಲ್ಲಿ ಒಬ್ಬರ ಬಳಿ 23,250 ಪೌಂಡಿಗಿಂತ ಹೆಚ್ಚು ಉಳಿತಾಯ ಇದ್ದರೆ ಆರೈಕೆಯ ಪೂರಾ ಖರ್ಚು ಅವರದೇ. 14,250 ಪೌಂಡಿಗಿಂತ ಕೆಳಗಿದ್ದರೆ ಆ ಉಳಿತಾಯವನ್ನು ಕೌನ್ಸಿಲ್ ಮುಟ್ಟುವುದಿಲ್ಲ. ನಡುವೆ ಇರುವವರು, ಪ್ರತಿ 250 ಪೌಂಡಿಗೆ ವಾರಕ್ಕೆ ಒಂದು ಪೌಂಡಿನಂತೆ ಕೊಡಬೇಕು. ಈ ಅಂಕಿಗಳನ್ನು ಕೊನೆಯ ಬಾರಿ ಏರಿಸಿದ್ದು 2010ರಲ್ಲಿ. ಅಂದಿನಿಂದ ಬ್ರೆಡ್ಡಿನ ಬೆಲೆ ಏರಿದೆ, ಮನೆ ಬಾಡಿಗೆ ಏರಿದೆ, ಕರೆಂಟು ಬಿಲ್ಲು ಏರಿದೆ. ಈ ಮಿತಿ ಮಾತ್ರ ಕದಲಿಲ್ಲ. ಯಾವ ಮಸೂದೆಯನ್ನೂ ತರದೆ, ಪಾರ್ಲಿಮೆಂಟಿನಲ್ಲಿ ಚರ್ಚೆಯನ್ನೂ ಮಾಡದೆ, ವರ್ಷ ವರ್ಷವೂ ಇನ್ನಷ್ಟು ಜನರನ್ನು ನೆರವಿನಿಂದ ಹೊರಗಿಡುವ ವಿಧಾನ ಇದು. ಮನೆಯಲ್ಲೇ ಆರೈಕೆ ಪಡೆಯುವವರಾದರೆ ಸ್ವಂತ ಮನೆ ಲೆಕ್ಕಕ್ಕೆ ಬರುವುದಿಲ್ಲ. ಕಾಯಂ ಆಗಿ ಕೇರ್ ಹೋಮ್ ಸೇರಿದರೆ, ಸಂಗಾತಿ ಆ ಮನೆಯಲ್ಲಿ ಇಲ್ಲದಿದ್ದಲ್ಲಿ, ಸಾಮಾನ್ಯವಾಗಿ ಅದೂ ಲೆಕ್ಕಕ್ಕೆ ಸೇರುತ್ತದೆ. ಕೌನ್ಸಿಲ್ ಖರ್ಚಿನಲ್ಲಿ ಕೇರ್ ಹೋಮ್‌ನಲ್ಲಿರುವವರ ಕೈಗೆ ಅವರ ಪಿಂಚಣಿಯಲ್ಲಿ ಉಳಿಯುವುದು ವಾರಕ್ಕೆ 30 ಪೌಂಡಿನ ಆಸುಪಾಸು. ಸೋಪು, ಬಟ್ಟೆ, ಮೊಮ್ಮಕ್ಕಳ ಹುಟ್ಟುಹಬ್ಬದ ಉಡುಗೊರೆ, ಎಲ್ಲವೂ ಅದರಲ್ಲೇ ಆಗಬೇಕು.

ಕೌನ್ಸಿಲ್ ಖರೀದಿಸಿ ಕೊಡುವ ಆರೈಕೆ ನೆಲದ ಮೇಲೆ ಹೇಗಿರುತ್ತದೆ? ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಉಡುಪಿ ಜಿಲ್ಲೆಯವಳು, ನರ್ಸಿಂಗ್ ಓದಿದವಳು, ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ಕೇರರ್ ಆಗಿದ್ದಾಳೆ. ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತಾಳೆ. ಮೊದಲ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ನಂಬರ್ ಒತ್ತಿ ತೆಗೆಯುವ ಪುಟ್ಟ ಪೆಟ್ಟಿಗೆ, ಒಳಗೆ ಬೀಗದಕೈ. ಬಾಗಿಲು ತೆಗೆದು, 'ಗುಡ್ ಮಾರ್ನಿಂಗ್' ಎನ್ನುತ್ತಲೇ ಫೋನಿನಲ್ಲಿ ಸಮಯ ದಾಖಲಿಸಬೇಕು. ಗಡಿಯಾರ ಅಲ್ಲಿಂದಲೇ ಓಡಲು ಶುರು. ಹಾಸಿಗೆಯಲ್ಲಿರುವ ಅಜ್ಜಿಯನ್ನು ಎಬ್ಬಿಸಿ ಕೂರಿಸಬೇಕು. ಮೂತ್ರದ ಚೀಲ ಖಾಲಿ ಮಾಡಬೇಕು. ಮೈ ಒರೆಸಿ, ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂದು ನೋಡಿ, ಮುಲಾಮು ಹಚ್ಚಿ, ಒಣಗಿದ ಬಟ್ಟೆ ತೊಡಿಸಬೇಕು. ಔಷಧಿ ಅಂಗಡಿಯವರು ವಾರ, ಹೊತ್ತು ಬರೆದು ಕೊಟ್ಟ ಹಾಳೆಯಿಂದ ಆ ಬೆಳಗಿನ ಮಾತ್ರೆ ಒಡೆದು ನುಂಗಿಸಬೇಕು. ಚಹಾ, ಟೋಸ್ಟು. ಕೊನೆಗೆ ಏನೇನು ಮಾಡಿದೆ ಎಂದು ಫೋನಿನಲ್ಲಿ ಬರೆಯಬೇಕು. ಇಷ್ಟಕ್ಕೆ ಅರ್ಧ ಗಂಟೆ. ಕೆಲವು ಮನೆಗಳಿಗೆ ಹದಿನೈದೇ ನಿಮಿಷ.

"ಅಜ್ಜಿಗೆ ನಾವು ಹೋದದ್ದೇ ಮಾತಾಡಲಿಕ್ಕೆ ಸಾರ್" ಎಂದಳು ಅವಳು. "ಇಡೀ ದಿನಕ್ಕೆ ಮುಖ ನೋಡುವುದು ನಮ್ಮದೊಂದೇ. ಅವರು ಮಾತು ತೆಗೀತಾರೆ, ನಾನು ಶೂ ಹಾಕ್ಕೊಳ್ತಾ ಇರ್ತೇನೆ. ಕೂತ್ರೆ ಮುಂದಿನ ಮನೆಯವರಿಗೆ ಲೇಟಾಗ್ತದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿಗೆ ಸಂಬಳ ಇಲ್ಲ, ಒಳಗಿದ್ದಷ್ಟು ನಿಮಿಷಕ್ಕೆ ಮಾತ್ರ." ಬೆಳಿಗ್ಗೆ ಆರೂವರೆಯಿಂದ ರಾತ್ರಿ ಹತ್ತರವರೆಗೆ ಹೊರಗಿದ್ದರೂ ಸಂಬಳ ಬರುವ ಗಂಟೆಗಳು ಎಂಟು, ಒಂಬತ್ತು.

ಈ ನಿಮಿಷಗಳ ಲೆಕ್ಕ ಎಲ್ಲಿಂದ ಬಂತು? 1990ರಲ್ಲಿ ಬಂದು 1993ರ ಏಪ್ರಿಲ್‌ನಲ್ಲಿ ಪೂರ್ತಿ ಜಾರಿಯಾದ ಸಮುದಾಯ ಆರೈಕೆ ಕಾಯಿದೆ ಕೌನ್ಸಿಲ್‌ಗಳನ್ನು ಆರೈಕೆ ನಡೆಸುವವರಿಂದ ಆರೈಕೆ ಕೊಳ್ಳುವವರನ್ನಾಗಿ ಬದಲಿಸಿತು. ತಮ್ಮದೇ ಸಿಬ್ಬಂದಿಯ ಬದಲು ಖಾಸಗಿ ಸಂಸ್ಥೆಗಳಿಂದ ಗಂಟೆಗಿಷ್ಟು ಎಂದು ಸೇವೆ ಕೊಳ್ಳುವ ಪದ್ಧತಿ ಬೆಳೆಯಿತು. ಬಜೆಟ್ ಬಿಗಿಯಾದಂತೆ ಗಂಟೆಯ ದರ ಇಳಿಯಿತು, ಅರ್ಧ ಗಂಟೆ ಕಾಲು ಗಂಟೆಯಾಯಿತು. ಅರ್ಧ ಗಂಟೆಗಿಂತ ಕಡಿಮೆಯ ಭೇಟಿಗಳು ತೀರಾ ನಿರ್ದಿಷ್ಟ ಕೆಲಸಗಳಿಗಷ್ಟೇ ಇರಲಿ ಎಂದು 2015ರಲ್ಲಿ ರಾಷ್ಟ್ರೀಯ ಮಾರ್ಗಸೂಚಿಯೇ ಬಂತು. ಸೂಚನೆ ಬಂತು, ಅದಕ್ಕೆ ಬೇಕಾದ ದುಡ್ಡು ಜೊತೆಯಲ್ಲಿ ಬರಲಿಲ್ಲ.

ದುಡ್ಡಿನ ಮಾತಿಗೆ ಬರೋಣ. ಇಂಗ್ಲೆಂಡಿನ ಕೌನ್ಸಿಲ್ ಎಂದರೆ ಹೆಚ್ಚುಕಡಿಮೆ ನಮ್ಮ ನಗರಸಭೆ ಮತ್ತು ಜಿಲ್ಲಾ ಪಂಚಾಯಿತಿಗಳ ಕೆಲಸವನ್ನು ಒಟ್ಟಿಗೆ ಹೊತ್ತ ಸಂಸ್ಥೆ. ಅದಕ್ಕೆ ಆದಾಯ ಬರುವುದು ಮುಖ್ಯವಾಗಿ ಕೇಂದ್ರದ ಅನುದಾನದಿಂದ, ಮನೆಗಳ ಮೇಲಿನ ಕೌನ್ಸಿಲ್ ತೆರಿಗೆಯಿಂದ, ವ್ಯಾಪಾರದ ಕಟ್ಟಡಗಳ ಮೇಲಿನ ತೆರಿಗೆಯಿಂದ. ದಿನನಿತ್ಯದ ಖರ್ಚಿಗೆ ಸಾಲ ಎತ್ತುವ ಹಾಗಿಲ್ಲ, ವರ್ಷದ ಲೆಕ್ಕ ಸರಿದೂಗಲೇಬೇಕು. 2010ರಲ್ಲಿ ಬಂದ ಸರ್ಕಾರ ಮಿತವ್ಯಯದ ಹೆಸರಿನಲ್ಲಿ ಈ ಅನುದಾನಕ್ಕೆ ಕತ್ತರಿ ಹಾಕಿತು. 2010-11ರಿಂದ 2020-21ರ ನಡುವೆ ಕೇಂದ್ರದಿಂದ ಕೌನ್ಸಿಲ್‌ಗಳಿಗೆ ಬರುವ ಹಣ, ಬೆಲೆಯೇರಿಕೆಯನ್ನು ಲೆಕ್ಕ ಹಿಡಿದರೆ, ಅರ್ಧಕ್ಕೂ ಹೆಚ್ಚು ಕುಸಿಯಿತು ಎಂದು ಆ ದೇಶದ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿದೆ. ತೆರಿಗೆ ಏರಿಸಿದ ಮೇಲೂ ಕೌನ್ಸಿಲ್‌ಗಳ ಒಟ್ಟು ಖರ್ಚು ಮಾಡುವ ಶಕ್ತಿ ಶೇಕಡ 26ರಷ್ಟು ಇಳಿಯಿತು.

ಅದೇ ಹತ್ತು ವರ್ಷಗಳಲ್ಲಿ ಮುದುಕರ ಸಂಖ್ಯೆ ಏರಿತು. ಬರೀ ಮುದುಕರೂ ಅಲ್ಲ. ಕೌನ್ಸಿಲ್‌ಗಳು ದೀರ್ಘಕಾಲದ ಆರೈಕೆಗೆ ಮಾಡುವ ಖರ್ಚಿನಲ್ಲಿ ಸುಮಾರು ಅರ್ಧ 65ರೊಳಗಿನವರದು, ಅದರಲ್ಲೂ ಬುದ್ಧಿಮಾಂದ್ಯತೆಯುಳ್ಳವರದು. ಹಿಂದೆ ಚಿಕ್ಕ ವಯಸ್ಸಿನಲ್ಲೇ ತೀರಿಹೋಗುತ್ತಿದ್ದ ಮಕ್ಕಳು ಇಂದು ಐವತ್ತು, ಅರವತ್ತು ವರ್ಷ ಬದುಕುತ್ತಿದ್ದಾರೆ. ಇದು ವೈದ್ಯವಿದ್ಯೆ ಗೆದ್ದ ಗೆಲುವು, ಸಂತೋಷಪಡಬೇಕಾದ ಸಂಗತಿ. ಬಜೆಟ್ ಸಭೆಗಳಲ್ಲಿ ಆ ಬದುಕುಗಳನ್ನು ಹೊರೆ ಎಂದು ಕರೆಯುವುದನ್ನು ಓದಿದಾಗ ನನಗೆ ಸಂಕಟವಾಗುತ್ತದೆ.

ಆರೈಕೆ ಕೊಡುವುದು ಕೌನ್ಸಿಲ್‌ನ ಶಾಸನಬದ್ಧ ಕರ್ತವ್ಯ. 2014ರ ಆರೈಕೆ ಕಾಯಿದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ನಿಲ್ಲಿಸುವಂತಿಲ್ಲ. ಹಾಗಾಗಿ ಕತ್ತರಿ ಬಿದ್ದದ್ದು ಬೇರೆಯವುಗಳ ಮೇಲೆ. 2010ರ ನಂತರದ ದಶಕದಲ್ಲಿ ಬ್ರಿಟನ್ನಿನಲ್ಲಿ ಸುಮಾರು 800 ಸಾರ್ವಜನಿಕ ಗ್ರಂಥಾಲಯಗಳು ಮುಚ್ಚಿದವು. ಯುವಕರ ಕ್ಲಬ್ಬುಗಳು, ಹಳ್ಳಿಗಳಿಗೆ ಹೋಗುವ ಬಸ್ಸುಗಳು, ಉದ್ಯಾನಗಳ ನಿಗಾ, ಎಲ್ಲವೂ ಸೊರಗಿದವು. ಹಗಲುಹೊತ್ತು ಮುದುಕರು ಕೂತು ಹರಟೆ ಹೊಡೆದು ಬಿಸಿಯೂಟ ಮಾಡುತ್ತಿದ್ದ ಡೇ ಸೆಂಟರುಗಳೂ ಅನೇಕ ಕಡೆ ಹೋದವು. ಆ ಬಸ್ಸು, ಆ ಗ್ರಂಥಾಲಯ, ಆ ಡೇ ಸೆಂಟರು ಇದ್ದಿದ್ದರೆ ಎಷ್ಟೋ ಜನ ಇನ್ನಷ್ಟು ಕಾಲ ತಮ್ಮ ಕಾಲ ಮೇಲೆ ತಾವು ನಿಂತಿರುತ್ತಿದ್ದರು, ಕೇರರ್ ಬರುವುದನ್ನು ಕಾಯುತ್ತಾ ಮನೆಯೊಳಗೆ ಉಳಿಯುತ್ತಿರಲಿಲ್ಲ. ಆರೈಕೆಯ ದುಡ್ಡು ಉಳಿಸಲು ಕಡಿದದ್ದೇ ಆರೈಕೆಯ ಖರ್ಚನ್ನು ಬೆಳೆಸಿತು.

ಕೇಂದ್ರ ಸರ್ಕಾರ ಇದಕ್ಕೆ ಕಂಡುಕೊಂಡ ದಾರಿ, 2016ರಿಂದ ಕೌನ್ಸಿಲ್ ತೆರಿಗೆಯ ಮೇಲೆ ಸಾಮಾಜಿಕ ಆರೈಕೆಯ ಹೆಸರಿನಲ್ಲಿ ಇನ್ನೂ ಶೇಕಡ 2ರಷ್ಟು ಏರಿಸಿಕೊಳ್ಳಿ ಎಂದು ಅನುಮತಿ ಕೊಟ್ಟದ್ದು. ಕೇಳಲು ಸರಿಯೆನಿಸುತ್ತದೆ. ಆದರೆ ಈ ತೆರಿಗೆ ನಿಂತಿರುವುದು 1991ರ ಏಪ್ರಿಲ್‌ನಲ್ಲಿ ಮನೆಗಳಿಗಿದ್ದ ಬೆಲೆಯ ಮೇಲೆ. ಆಮೇಲೆ ಇಂಗ್ಲೆಂಡಿನಲ್ಲಿ ಮೌಲ್ಯಮಾಪನವೇ ನಡೆದಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನಡುದರ್ಜೆಯ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು 1,000 ಪೌಂಡ್ ತೆರಿಗೆ. ಈಶಾನ್ಯ ಕರಾವಳಿಯ ಹಾರ್ಟ್ಲ್‌ಪೂಲ್ ಎಂಬ ಬಡ ಊರಿನಲ್ಲಿ ಅದೇ ದರ್ಜೆಯ ಮನೆಗೆ 2,000 ಪೌಂಡಿಗಿಂತ ಹೆಚ್ಚು. ಇಷ್ಟಾದರೂ ಹಾರ್ಟ್ಲ್‌ಪೂಲ್‌ನಲ್ಲಿ ಶೇಕಡ 2ರಿಂದ ಹುಟ್ಟುವ ಹಣ ಅಲ್ಪ, ಏಕೆಂದರೆ ಅಲ್ಲಿ ಬೆಲೆಬಾಳುವ ಮನೆಗಳೇ ಕಡಿಮೆ. ಗಣಿ, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದು ಬೇಗ ಮೈ ಸವೆಸಿಕೊಂಡವರು ಹೆಚ್ಚಿರುವುದು ಇಂಥ ಊರುಗಳಲ್ಲೇ. ಆರೈಕೆ ಎಲ್ಲಿ ಹೆಚ್ಚು ಬೇಕೋ ಅಲ್ಲಿ ತೆರಿಗೆಯಿಂದ ಕಡಿಮೆ ಹುಟ್ಟುತ್ತದೆ. ಇದನ್ನು ಅನ್ಯಾಯ ಎಂದು ಕರೆಯದೆ ಬೇರೆ ಹೆಸರು ನನಗೆ ತೋಚುತ್ತಿಲ್ಲ.

2018ರ ಫೆಬ್ರುವರಿಯಲ್ಲಿ ನಾರ್ತಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲ್ಲಿನ ಹಣಕಾಸು ಅಧಿಕಾರಿ 114ನೇ ಸೆಕ್ಷನ್ನಿನ ನೋಟಿಸ್ ಹೊರಡಿಸಿದರು. ಬೊಕ್ಕಸ ಬರಿದಾಗುತ್ತಿದೆ, ಕಾನೂನು ಕಡ್ಡಾಯ ಮಾಡಿದ್ದನ್ನು ಬಿಟ್ಟು ಹೊಸದಾಗಿ ಒಂದು ಪೆನ್ನಿಯನ್ನೂ ಖರ್ಚು ಮಾಡುವಂತಿಲ್ಲ ಎಂಬುದು ಅದರ ಅರ್ಥ. ಅದಕ್ಕೆ ಕೆಲವೇ ತಿಂಗಳ ಹಿಂದೆ ಅದೇ ಕೌನ್ಸಿಲ್ 53 ದಶಲಕ್ಷ ಪೌಂಡ್ ಸುರಿದು ಹೊಸ ಕೇಂದ್ರ ಕಚೇರಿ ಕಟ್ಟಿಸಿಕೊಂಡಿತ್ತು. ಕೊನೆಗೆ ಅದನ್ನೂ ಮಾರಿ, ಅದರಲ್ಲೇ ಬಾಡಿಗೆಗೆ ಕೂತಿತು. ಆಡಳಿತ ಕೆಟ್ಟದಾಗಿತ್ತು, ತೆರಿಗೆಯನ್ನು ವರ್ಷಗಟ್ಟಲೆ ಏರಿಸದೆ ಜಂಬ ಕೊಚ್ಚಿಕೊಂಡಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. 2021ರಲ್ಲಿ ಆ ಕೌನ್ಸಿಲನ್ನೇ ವಿಸರ್ಜಿಸಿ ಎರಡು ಹೊಸ ಕೌನ್ಸಿಲ್ ಮಾಡಿದರು. ನಾರ್ತಾಂಪ್ಟನ್‌ಶೈರ್‌ನ ಹಿಂದೆಯೇ ಅಂಥ ನೋಟಿಸ್ ಹೊರಡಿಸಿದವು ಕ್ರಾಯ್ಡನ್, ಸ್ಲೌ, ಥರಕ್, 2023ರಲ್ಲಿ ವೋಕಿಂಗ್, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್. ಒಂದೊಂದು ಕಡೆ ಒಂದೊಂದು ಕಾರಣ. ವೋಕಿಂಗ್‌ನದು ಕಟ್ಟಡಗಳ ಮೇಲೆ ಮಾಡಿದ ಸಾಲ. ಬರ್ಮಿಂಗ್‌ಹ್ಯಾಮ್‌ನದು ಹೆಂಗಸರಿಗೆ ಸಮಾನ ವೇತನ ಕೊಡದೆ ಉಳಿಸಿಕೊಂಡ ಬಾಕಿ, ಕೈಕೊಟ್ಟ ಕಂಪ್ಯೂಟರ್ ವ್ಯವಸ್ಥೆ. ತಪ್ಪು ಮಾಡಿದವರು ಮುಳುಗಿದರು ನಿಜ. ಆದರೆ ತಪ್ಪು ಮಾಡದ ಕೌನ್ಸಿಲ್‌ಗಳೂ ಮೂಗಿನ ಮಟ್ಟದ ನೀರಿನಲ್ಲೇ ನಿಂತಿವೆ.

ಕೊಡಬೇಕಾದವರು ಕೊಡದಿದ್ದರೆ ಆ ಖರ್ಚು ಮಾಯವಾಗುವುದಿಲ್ಲ, ಬೇರೆ ಯಾರದೋ ತಲೆಗೆ ಹೋಗುತ್ತದೆ. ಸ್ವಂತ ದುಡ್ಡಿನಲ್ಲಿ ಕೇರ್ ಹೋಮ್ ಸೇರಿದವರು, ಅದೇ ಹೋಮಿನ ನಿವಾಸಿಗಳಿಗೆ ಕೌನ್ಸಿಲ್ ಕೊಡುವುದಕ್ಕಿಂತ ಸರಾಸರಿ ಶೇಕಡ 41ರಷ್ಟು ಹೆಚ್ಚು ಕೊಡುತ್ತಿದ್ದಾರೆ ಎಂದು ಸ್ಪರ್ಧಾ ಪ್ರಾಧಿಕಾರ 2017ರಲ್ಲಿ ಲೆಕ್ಕ ಹಾಕಿತು. ಅಕ್ಕಪಕ್ಕದ ಕೋಣೆ, ಒಂದೇ ಅಡುಗೆ, ಬೇರೆ ಬೇರೆ ಬಿಲ್ಲು. ಆಸ್ಪತ್ರೆಗಳಲ್ಲಿ ಗುಣವಾಗಿಯೂ ಮನೆಗೆ ಹೋಗಲಾಗದೆ ಮಲಗಿರುವವರು ಇಂಗ್ಲೆಂಡಿನಲ್ಲಿ ಯಾವುದೇ ದಿನ ಸುಮಾರು 12,000 ಮಂದಿ. ಅವರಲ್ಲಿ ಅನೇಕರು ಕಾಯುತ್ತಿರುವುದು ಆರೈಕೆಯ ಏರ್ಪಾಡಿಗಾಗಿ. ಹೊರಗೆ ಆಂಬುಲೆನ್ಸುಗಳು ಸಾಲುಗಟ್ಟಲು ಇದೂ ಒಂದು ಕಾರಣ. ಮನೆಯವರ ಪಾಲಿನದು ಎಲ್ಲಕ್ಕಿಂತ ಭಾರ. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಂಬಳವಿಲ್ಲದೆ ತಮ್ಮವರನ್ನು ನೋಡಿಕೊಳ್ಳುತ್ತಿರುವವರು 50 ಲಕ್ಷ. ವಾರಕ್ಕೆ 35 ಗಂಟೆ ನೋಡಿಕೊಂಡರೆ ಸರ್ಕಾರ ಕೊಡುವ ಭತ್ಯೆ 2025-26ರಲ್ಲಿ 83 ಪೌಂಡ್ 30 ಪೆನ್ಸ್. ಹೊರಗಿನ ದುಡಿಮೆ ಆ ವರ್ಷ ವಾರಕ್ಕೆ 196 ಪೌಂಡಿದ್ದ ಮಿತಿಯನ್ನು ಒಂದೇ ಒಂದು ಪೌಂಡಿನಷ್ಟು ದಾಟಿದರೂ ಆ ವಾರದ ಭತ್ಯೆ ಪೂರಾ ಹೋಗುತ್ತದೆ. ತಾಯಿಯನ್ನು ನೋಡಿಕೊಳ್ಳಲು ಕೆಲಸ ಕಡಿಮೆ ಮಾಡಿಕೊಂಡ ಮಗಳು, ತಿಳಿಯದೆ ಕೆಲವು ಪೌಂಡ್ ಹೆಚ್ಚು ದುಡಿದ ತಪ್ಪಿಗೆ, ವರ್ಷಗಳ ನಂತರ ಸಾವಿರಗಟ್ಟಲೆ ಹಿಂದಿರುಗಿಸು ಎಂಬ ಪತ್ರ ಪಡೆದ ಪ್ರಕರಣಗಳು ಅಲ್ಲಿನ ಪತ್ರಿಕೆಗಳಲ್ಲಿ ತುಂಬ ಬಂದವು.

ಸರಿಪಡಿಸುವ ಮಾತು ಆಡದ ಸರ್ಕಾರವಿಲ್ಲ. 1999ರಲ್ಲಿ ರಾಯಲ್ ಕಮಿಷನ್ ದೈಹಿಕ ಆರೈಕೆ ಪುಕ್ಕಟೆಯಾಗಿರಲಿ ಎಂದಿತು. ಸ್ಕಾಟ್ಲೆಂಡ್ 2002ರಲ್ಲಿ 65 ದಾಟಿದವರಿಗೆ ಹಾಗೆಯೇ ಮಾಡಿತು, ಇಂಗ್ಲೆಂಡ್ ಮಾಡಲಿಲ್ಲ. 2011ರಲ್ಲಿ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಡಿಲ್ನಟ್ ಒಂದು ನ್ಯಾಯವಾದ ಮಾತು ಹೇಳಿದರು. ಯಾರಿಗೆ ಎಷ್ಟು ವರ್ಷ ಆರೈಕೆ ಬೇಕಾದೀತು ಎಂದು ಮೊದಲೇ ಹೇಳಲಾಗದು, ಹಾಗಾಗಿ ಜೀವಮಾನದಲ್ಲಿ ಒಬ್ಬರು ಆರೈಕೆಗೆ ಕೊಡುವ ಹಣಕ್ಕೆ ಒಂದು ಮಿತಿ ಇರಲಿ, ಅದರಾಚೆಗಿನದನ್ನು ಸರ್ಕಾರ ಹೊರಲಿ. ಅವರು ಸೂಚಿಸಿದ್ದು 35,000 ಪೌಂಡ್. ಸರ್ಕಾರ ಅದನ್ನು 72,000 ಮಾಡಿ 2016ಕ್ಕೆ ಎಂದಿತು. ಮುಂದೂಡಿತು. ಆಮೇಲೆ ಕೈಬಿಟ್ಟಿತು. ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ 86,000 ಮಾಡಿ 2023ರ ಅಕ್ಟೋಬರಿಗೆ ಎಂದರು. ಅವರ ನಂತರ ಬಂದವರು ಅದನ್ನು 2025ಕ್ಕೆ ಮುಂದೂಡಿದರು. 2024ರ ಜುಲೈನಲ್ಲಿ ಹೊಸ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಅದನ್ನು ರದ್ದು ಮಾಡಿದರು. ಈ ಮಧ್ಯೆ 2017ರ ಚುನಾವಣೆಯಲ್ಲಿ ಆಗಿನ ಪ್ರಧಾನಿ ತೆರೇಸಾ ಮೇ ಬೇರೊಂದು ಯೋಜನೆ ಮುಂದಿಟ್ಟು, ಅದಕ್ಕೆ 'ಮರೆವಿನ ತೆರಿಗೆ' ಎಂಬ ಹೆಸರು ಬಿದ್ದು, ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಆ ಪಾಠವನ್ನು ಎಲ್ಲ ಪಕ್ಷಗಳೂ ಚೆನ್ನಾಗಿ ಕಲಿತಿವೆ: ಈ ವಿಷಯ ಮುಟ್ಟಿದರೆ ಓಟು ಹೋಗುತ್ತದೆ. ಹದಿಮೂರು ವರ್ಷ ಮಾತಾಡಿ ಕಡೆಗೆ ಒಂದು ಕುಟುಂಬಕ್ಕೂ ಒಂದು ಪೌಂಡಿನ ಉಪಕಾರ ಆಗಲಿಲ್ಲ.

ಕೆಲಸಗಾರರ ಕೊರತೆಯನ್ನು ಕೊನೆಗೆ ತುಂಬಿಸಿದವರು ದೂರದ ದೇಶಗಳ ಬಡವರ, ಮಧ್ಯಮ ವರ್ಗದವರ ಮಕ್ಕಳು. 2021-22ರಲ್ಲಿ ಇಂಗ್ಲೆಂಡಿನ ಆರೈಕೆ ಕ್ಷೇತ್ರದಲ್ಲಿ ಹತ್ತರಲ್ಲಿ ಒಂದು ಹುದ್ದೆ ಖಾಲಿ ಬಿದ್ದಿತ್ತು. ಅಂಗಡಿ, ಗೋದಾಮುಗಳಲ್ಲಿ ಅದಕ್ಕಿಂತ ಹೆಚ್ಚು ಸಂಬಳ ಸಿಗುವಾಗ ಅಲ್ಲಿನ ಜನ ಯಾಕೆ ಬಂದಾರು? 2022ರ ಫೆಬ್ರುವರಿಯಲ್ಲಿ ಸರ್ಕಾರ ಕೇರರ್‌ಗಳಿಗೂ ವೀಸಾ ತೆರೆಯಿತು. ನೈಜೀರಿಯಾ, ಜಿಂಬಾಬ್ವೆ, ಭಾರತಗಳಿಂದ ಲಕ್ಷಗಟ್ಟಲೆ ಜನ ಹೋದರು. ಕೇರಳದಿಂದ, ನಮ್ಮ ಕರಾವಳಿಯಿಂದ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ನರ್ಸಿಂಗ್ ಓದಿದವರು. ಕೆಲಸದಾತರೇ ಭರಿಸಬೇಕಾದ ಪ್ರಾಯೋಜಕತ್ವದ ಖರ್ಚನ್ನು ಏಜೆಂಟರಿಗೆ ತಾವೇ ಕಟ್ಟಿ, ಒಡವೆ ಅಡವಿಟ್ಟು ಹೋದವರು. ವೀಸಾ ಕೆಲಸ ಕೊಟ್ಟವರಿಗೆ ಅಂಟಿಕೊಂಡದ್ದು. ಅನ್ಯಾಯ ಎಂದು ಬಾಯಿ ಬಿಟ್ಟು ಕೆಲಸ ಹೋದರೆ, ಇನ್ನೊಬ್ಬ ಪ್ರಾಯೋಜಕರನ್ನು ಹುಡುಕಲು ಇರುವುದು 60 ದಿನ. 2022ರ ಜುಲೈನಿಂದ 2024ರ ಕೊನೆಯವರೆಗೆ ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಪ್ರಾಯೋಜಕ ಪರವಾನಗಿಗಳನ್ನು ಸರ್ಕಾರವೇ ರದ್ದು ಮಾಡಿತು. ಶಿಕ್ಷೆ ಮಾತ್ರ ಆ ಸಂಸ್ಥೆಗಳಲ್ಲಿ ದುಡಿಯುತ್ತಿದ್ದವರಿಗೂ ತಟ್ಟಿತು. ಆ ಉಡುಪಿಯ ಹುಡುಗಿಗೆ ದಾರಿಯ ಸಂಬಳ ಸಿಗದಿರುವುದಕ್ಕೂ, ಹಾರ್ಟ್ಲ್‌ಪೂಲ್‌ನ ಮನೆಗೆ 1991ರ ಬೆಲೆ ಹಚ್ಚಿರುವುದಕ್ಕೂ ನೇರ ಸಂಬಂಧವಿದೆ. ಕೇಂದ್ರ ಕೊಡದ್ದನ್ನು ಕೌನ್ಸಿಲ್ ಸಂಸ್ಥೆಗಳಿಗೆ ಕೊಡಲಿಲ್ಲ, ಸಂಸ್ಥೆಗಳು ಅವಳಿಗೆ ಕೊಡಲಿಲ್ಲ.

ಸಾಮಾಜಿಕ ಆರೈಕೆಯ ಮೂಲ ಖರ್ಚನ್ನು ರಾಷ್ಟ್ರೀಯ ತೆರಿಗೆಯಿಂದಲೇ ಕೊಡಬೇಕು, ಆರೋಗ್ಯ ಸೇವೆಗೆ ಕೊಡುವ ಹಾಗೆ. ಸ್ಥಳೀಯ ಜ್ಞಾನ ಕೌನ್ಸಿಲ್‌ನದಿರಲಿ: ಯಾವ ಬೀದಿಯ ಯಾವ ಅಜ್ಜನಿಗೆ ಏನು ಬೇಕು ಎಂಬುದು ಲಂಡನ್ನಿಗೆ ತಿಳಿಯುವುದಿಲ್ಲ. ಆದರೆ ಊರಿನ ಮನೆಗಳ ಬೆಲೆ ನೋಡಿ ಆ ಅಜ್ಜನಿಗೆ ಎಷ್ಟು ನಿಮಿಷ ಎಂದು ತೀರ್ಮಾನವಾಗಬಾರದು. ಅದಕ್ಕೆ ತೆರಿಗೆ ಏರಿಸಬೇಕಾದೀತು, ಅದನ್ನು ಜನರಿಗೆ ನೇರವಾಗಿ ಹೇಳುವ ಧೈರ್ಯ ಬೇಕು. 2022ರಲ್ಲಿ ಆರೋಗ್ಯ ಮತ್ತು ಆರೈಕೆಗೆಂದೇ ದುಡಿಯುವವರ ವಿಮಾ ವಂತಿಗೆಯನ್ನು 1.25 ಶೇಕಡಾ ಅಂಶದಷ್ಟು ಏರಿಸಿ, ಅದೇ ವರ್ಷದ ನವೆಂಬರಿನಲ್ಲಿ ಇಳಿಸಿಬಿಟ್ಟರು. 2025ರ ಏಪ್ರಿಲ್‌ನಲ್ಲಿ ಕೆಲಸ ಕೊಡುವವರ ವಂತಿಗೆಯನ್ನು ಶೇಕಡ 15ಕ್ಕೆ ಏರಿಸಿದಾಗ, ಆರೋಗ್ಯ ಸೇವೆಗೆ ಪರಿಹಾರ ಸಿಕ್ಕಿತು, ಖಾಸಗಿ ಆರೈಕೆ ಸಂಸ್ಥೆಗಳಿಗೆ ಸಿಗಲಿಲ್ಲ. ಆ ಬಿಲ್ಲೂ ಸುತ್ತಿ ಬಳಸಿ ಕೌನ್ಸಿಲ್‌ಗಳ ಬಾಗಿಲಿಗೇ ಬಂದಿದೆ.

ಈಗ ಸಾಮಾಜಿಕ ಆರೈಕೆಯ ಬಗ್ಗೆ ಲೂಯಿಸ್ ಕೇಸಿ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ಕೂತಿದೆ. ದೀರ್ಘಕಾಲದ ಪರಿಹಾರ ಹೇಳುವ ಅದರ ಎರಡನೆಯ ವರದಿಗೆ ಕೊಟ್ಟಿರುವ ಗಡುವು 2028. ಹೊರದೇಶದಿಂದ ಹೊಸ ಕೇರರ್‌ಗಳನ್ನು ಕರೆಸಿಕೊಳ್ಳುವುದನ್ನು 2025ರ ಜುಲೈ 22ರಿಂದ ನಿಲ್ಲಿಸಿದ್ದಾರೆ. ಈಗಾಗಲೇ ಅಲ್ಲಿರುವವರು ಆ ವೀಸಾಕ್ಕೆ ಬದಲಾಯಿಸಿಕೊಳ್ಳಲು ಇರುವ ಅವಕಾಶ 2028ರ ಜುಲೈವರೆಗೆ. ವರದಿ ಬರುವ ವರ್ಷವೇ ಆ ಬಾಗಿಲೂ ಮುಚ್ಚುತ್ತದೆ. ಅಲ್ಲಿಯವರೆಗೆ ಪ್ರತಿ ವರ್ಷ ಮಾರ್ಚ್ 11ರೊಳಗೆ ಪ್ರತಿಯೊಂದು ಕೌನ್ಸಿಲ್ ತನ್ನ ತೆರಿಗೆ ನಿಗದಿ ಮಾಡಿ, ಲೆಕ್ಕ ಸರಿದೂಗಿಸಿ, ಯಾರ ಮನೆಗೆ ಅರ್ಧ ಗಂಟೆ, ಯಾರ ಮನೆಗೆ ಕಾಲು ಗಂಟೆ ಎಂದು ತೀರ್ಮಾನಿಸುತ್ತಲೇ ಇರಬೇಕು.